ಕಂಚಿನ ಕುದುರೆ, ಕಾವಲಿನ ಎತ್ತು

ಮೊದಲ ದಿನ: ಹೈಡ್ ಪಾರ್ಕ್ ಕಾರ್ನರ್

ಲಂಡನ್ನಿನ ಮಗಳ ಮನೆಗೆ ಬಂದು ಹತ್ತು ದಿನವಾಗಿತ್ತು. ಮೊಮ್ಮಗನಿಗೆ ಬೇಸಿಗೆ ರಜೆ ಶುರುವಾಯಿತು. "ಅಪ್ಪಾ, ಎಲ್ಲೆಲ್ಲಿ ಹೋಗಬೇಕು ಅಂತಿದೀಯ, ಹೇಳು" ಎಂದಳು ಮಗಳು. ನಾನು ಜೇಬಿನಿಂದ ಚೀಟಿ ತೆಗೆದು ಕೊಟ್ಟೆ. ಊರು ಬಿಡುವ ಮೊದಲೇ ಬರೆದಿಟ್ಟುಕೊಂಡಿದ್ದ ಚೀಟಿ. ಅದರಲ್ಲಿ ಐದು ಕುದುರೆಗಳಿದ್ದವು. ಲಂಡನ್ನಿನಲ್ಲಿ ಎರಡು, ಆಲ್ಡರ್‌ಶಾಟ್‌ನಲ್ಲಿ ಒಂದು, ಗ್ಲಾಸ್ಗೋದಲ್ಲಿ ಒಂದು, ಎಡಿನ್‌ಬರೋದಲ್ಲಿ ಒಂದು. ಐದೂ ಕಂಚಿನವು. ಐದರ ಮೇಲೂ ಕೂತವನು ಒಬ್ಬನೇ. ಬ್ರಿಟಿಷರ ಸೇನಾಪತಿ ಆರ್ಥರ್ ವೆಲ್ಲೆಸ್ಲಿ, ಲೋಕಕ್ಕೆಲ್ಲ ಗೊತ್ತಿರುವ ಹೆಸರಿನಲ್ಲಿ ಹೇಳುವುದಾದರೆ ಡ್ಯೂಕ್ ಆಫ್ ವೆಲಿಂಗ್ಟನ್.

ಇವನೇ ಯಾಕೆ ಅಂತ ಮಗಳು ಕೇಳಲಿಲ್ಲ. ಅವಳಿಗೆ ಗೊತ್ತು. ಅವಳ ಅಮ್ಮ ಶ್ರೀರಂಗಪಟ್ಟಣದ ಗಂಜಾಮಿನವಳು. 1799ರ ಮೇ 4ರಂದು ಕೋಟೆ ಬಿದ್ದ ಕಥೆ ಆ ಮನೆಯಲ್ಲಿ ನಿನ್ನೆ ಮೊನ್ನೆ ನಡೆದ ಹಾಗೆ ಹೇಳುತ್ತಾರೆ. ನಾನು ಪಶುವೈದ್ಯ. ಕೆಲಸದ ಬಹುಪಾಲು ವರ್ಷ ಅಜ್ಜಂಪುರ, ಕಡೂರು ಕಡೆ ಅಮೃತಮಹಲ್ ತಳಿಯ ದನ ಮೇಯುವ ಕಾವಲುಗಳಲ್ಲಿ ಕಳೆದೆ. ಅಲ್ಲಿ ಈ ತಳಿಯ ಚರಿತ್ರೆ ಹೇಳಲು ಕೂತವರು ಹೈದರ್‌ನಿಂದ ಶುರು ಮಾಡಿ ವೆಲ್ಲೆಸ್ಲಿಗೆ ಬಂದೇ ಬರುತ್ತಾರೆ. ಹಾಗಾಗಿ ಇವನು ನಮ್ಮಿಬ್ಬರಿಗೂ ಬೇರೆ ಬೇರೆ ದಾರಿಯಿಂದ ಪರಿಚಯ. ಹೆಂಡತಿಗೆ ಕೋಟೆಯಿಂದ, ನನಗೆ ಕೊಟ್ಟಿಗೆಯಿಂದ.

ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಸುತ್ತ ವಾಹನಗಳ ಹೊಳೆ. ನಡುವೆ ದ್ವೀಪದ ಹಾಗೆ ಹಸಿರು ಹುಲ್ಲು. ಆ ಹುಲ್ಲಿನ ಮೇಲೆ ಕೆಂಪು ಗ್ರಾನೈಟಿನ ಪೀಠ, ಪೀಠದ ಮೇಲೆ ಅವನು. ಜೋಸೆಫ್ ಎಡ್ಗರ್ ಬೋಮ್ ಮಾಡಿದ ಪ್ರತಿಮೆ. 1888ರ ಡಿಸೆಂಬರ್‌ನಲ್ಲಿ ಅನಾವರಣವಾಯಿತು. ಕುದುರೆ ಓಡುತ್ತಿಲ್ಲ, ಹಾರುತ್ತಿಲ್ಲ. ಸುಮ್ನೆ ನಿಂತಿದೆ. ನನಗೆ ಅದೇ ಹಿಡಿಸಿತು. ದಿನವಿಡೀ ಸವಾರನನ್ನು ಹೊರುವ ಕುದುರೆ ನಿಲ್ಲಲು ಸಿಕ್ಕ ಗಳಿಗೆಯಲ್ಲಿ ಹೀಗೇ ನಿಲ್ಲುತ್ತದೆ.

ಆ ಕುದುರೆಗೂ ಹೆಸರಿದೆ. ಕೋಪನ್‌ಹೇಗನ್. 1808ರಲ್ಲಿ ಹುಟ್ಟಿದ್ದು. 1815ರ ಜೂನ್ 18ರಂದು, ನೆಪೋಲಿಯನ್ ಸೋತ ವಾಟರ್ಲೂ ಕಾಳಗದಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ಇದರ ಮೇಲೆಯೇ ವೆಲಿಂಗ್ಟನ್ ಕೂತಿದ್ದ. ಎಲ್ಲ ಮುಗಿದ ಮೇಲೆ ಇಳಿದು ಬೆನ್ನು ತಟ್ಟಿದನಂತೆ. ಕುದುರೆ ಹಿಂಗಾಲಿನಿಂದ ಒದೆಯಿತು, ಕೂದಲೆಳೆಯಲ್ಲಿ ತಪ್ಪಿತು. ಈ ಪ್ರಸಂಗ ಓದಿದಾಗಲೆಲ್ಲ ನನಗೆ ಕುದುರೆಯ ಮೇಲೆ ಪ್ರೀತಿ ಉಕ್ಕುತ್ತದೆ. ಅಷ್ಟು ಹೊತ್ತು ಜೀನು ಹೊತ್ತ ಪ್ರಾಣಿಯ ಬೆನ್ನು ಹೇಗಿರುತ್ತದೆ ಅಂತ ನಾನು ಕೈಯಿಟ್ಟು ನೋಡಿದವನು. 1836ರಲ್ಲಿ ಅದು ಸತ್ತಾಗ ಸೈನಿಕ ಗೌರವ ಕೊಟ್ಟು ಡ್ಯೂಕನ ಹಳ್ಳಿಮನೆಯ ಜಾಗದಲ್ಲಿ ಹೂಳಿದರು.

ಪೀಠದ ನಾಲ್ಕು ಮೂಲೆಗೆ ನಾಲ್ವರು ಕಂಚಿನ ಸೈನಿಕರು. ಒಬ್ಬ ಇಂಗ್ಲೆಂಡಿನವನು, ಒಬ್ಬ ಸ್ಕಾಟ್ಲೆಂಡಿನವನು, ಒಬ್ಬ ವೇಲ್ಸ್‌ನವನು, ಒಬ್ಬ ಐರ್ಲೆಂಡಿನವನು. ದೊಡ್ಡವನ ಪ್ರತಿಮೆಯ ಕೆಳಗೆ ಸಾಮಾನ್ಯ ಸಿಪಾಯಿಗೂ ಜಾಗ ಕೊಟ್ಟಿದ್ದು ಒಳ್ಳೆಯ ಮಾತು. ಮೊಮ್ಮಗ ಸುತ್ತು ಹೊಡೆದು ಬಂದು, "ಅಜ್ಜಾ, ಇವರಲ್ಲಿ ಇಂಡಿಯಾದವರು ಯಾರು?" ಎಂದ. ಯಾರೂ ಇಲ್ಲ ಎಂದೆ. ವೆಲ್ಲೆಸ್ಲಿ 1797ರಿಂದ 1805ರವರೆಗೆ ನಮ್ಮ ನೆಲದಲ್ಲಿದ್ದ. ಅವನ ಕೈಕೆಳಗೆ ಮದ್ರಾಸಿನ ಸಿಪಾಯಿಗಳಿದ್ದರು, ಮೈಸೂರಿನ ಸವಾರರಿದ್ದರು. ನೆಪೋಲಿಯನ್ ಇವನನ್ನು 'ಸಿಪಾಯಿಗಳ ಜನರಲ್' ಅಂತ ಹೀಯಾಳಿಸಿದ್ದೂ ಅದೇ ಕಾರಣಕ್ಕೆ. ಈ ಪೀಠ ವಾಟರ್ಲೂವಿನದು, ಅದಕ್ಕೆ ಆ ನಾಲ್ವರು.

ಹೆಂಡತಿ ಪ್ರತಿಮೆಯ ಮುಂದೆ ತುಂಬ ಹೊತ್ತು ನಿಂತಿದ್ದಳು. ಆಮೇಲೆ, "ರೀ, ನಮ್ಮೂರಿಗೆ ಬಂದಾಗ ಇವನಿಗೆ ಎಷ್ಟು ವಯಸ್ಸು?" ಎಂದಳು. ಮೂವತ್ತು ಎಂದೆ. ಕೋಟೆ ಬೀಳುವ ಮೂರು ದಿನ ಮುಂಚೆ ಮೂವತ್ತು ತುಂಬಿತ್ತು. "ಹುಡುಗ" ಎಂದಳು. ಮತ್ತೇನೂ ಹೇಳಲಿಲ್ಲ.

ನಿಜ, ಆಗ ಅವನು ಕಲಿಯುತ್ತಿದ್ದ ಹುಡುಗನೇ. 1799ರ ಏಪ್ರಿಲ್ 5ರ ರಾತ್ರಿ ಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಲು ಹೋಗಿ ಕತ್ತಲಲ್ಲಿ ದಿಕ್ಕು ತಪ್ಪಿದ. ಟಿಪ್ಪುವಿನ ಜನ ಕಾಯುತ್ತಿದ್ದರು. ವೆಲ್ಲೆಸ್ಲಿಯ ಮೊಣಕಾಲಿಗೆ ಪೆಟ್ಟಾಯಿತು, ಅವನ ಕಡೆಯ ಕೆಲವರು ಸೆರೆಯಾಗಿ ಸತ್ತರು. ಹಗಲಲ್ಲಿ ನೋಡದ ಜಾಗಕ್ಕೆ, ಕಾದು ಕೂತ ಶತ್ರುವಿನ ಮೇಲೆ ರಾತ್ರಿ ಹೋಗುವುದಿಲ್ಲ ಎಂದು ಆಮೇಲೆ ಬರೆದುಕೊಂಡ. ಮೇ 4ರಂದು ಗೋಡೆ ಒಡೆದ ಜಾಗದಿಂದ ನುಗ್ಗಿದವನು ಬೇರ್ಡ್ ಎಂಬ ಇನ್ನೊಬ್ಬ ಬ್ರಿಟಿಷ್ ಸೇನಾಧಿಕಾರಿ. ಅದೇ ಪಟ್ಟಣದಲ್ಲಿ ಹಿಂದೆ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ವೆಲ್ಲೆಸ್ಲಿ ಹಿಂದೆ ಮೀಸಲು ಪಡೆಯೊಂದಿಗಿದ್ದ. ಆದರೆ ಪಟ್ಟಣದ ಅಧಿಕಾರ ಸಿಕ್ಕಿದ್ದು ಇವನಿಗೆ. ಗವರ್ನರ್ ಜನರಲ್ ಆಗಿದ್ದವನು ಇವನ ಅಣ್ಣ. ಬೇರ್ಡ್‌ಗೆ ಆದ ನೋವು ಕೊನೆಯವರೆಗೂ ಹೋಗಲಿಲ್ಲ. ಪಟ್ಟಣದಲ್ಲಿ ನಡೆಯುತ್ತಿದ್ದ ಲೂಟಿಯನ್ನು ಇವನು ನಿಲ್ಲಿಸಿದ, ಲೂಟಿ ಮಾಡಿದ ಕೆಲವರನ್ನು ನೇಣಿಗೆ ಹಾಕಿದ. ಆಮೇಲೆ ದರಿಯಾ ದೌಲತ್ತಿನಲ್ಲಿ ಬಿಡಾರ ಮಾಡಿದ. ಹೆಂಡತಿ ಚಿಕ್ಕವಳಿದ್ದಾಗ ಆಡಲು ಹೋಗುತ್ತಿದ್ದ ತೋಟ ಅದು.

ಎದುರಿಗೇ ಆಪ್ಸ್ಲಿ ಹೌಸ್, ಅವನ ಮನೆ. ಕಂಚಿನ ಕುದುರೆ ಅದರ ಕಡೆಗೇ ಮುಖ ಮಾಡಿ ನಿಂತಿದೆ. ಮನೆಯ ಒಳಗೂ ಹೋದೆವು. ಮೆಟ್ಟಿಲಿನ ಕೆಳಗೆ ನೆಪೋಲಿಯನ್ನನ ಭಾರಿ ಅಮೃತಶಿಲೆಯ ಪ್ರತಿಮೆ, ಮೈಮೇಲೆ ಬಟ್ಟೆ ಇಲ್ಲ. ಗೆದ್ದವನ ಮನೆಯಲ್ಲಿ ಸೋತವನು ಎತ್ತರಕ್ಕೆ ನಿಂತಿದ್ದಾನೆ.

ಅಲ್ಲೇ ಹತ್ತಿರ ವೆಲಿಂಗ್ಟನ್ ಕಮಾನು. ಅದರ ನೆತ್ತಿಯ ಮೇಲೆ ನಾಲ್ಕು ಕುದುರೆಗಳ ರಥ. 1912ರಲ್ಲಿ ಕೂರಿಸಿದ್ದು. ಮಾಡಿದವನು ಏಡ್ರಿಯನ್ ಜೋನ್ಸ್. ಅವನು ಸೈನ್ಯದಲ್ಲಿ 20 ವರ್ಷಕ್ಕೂ ಜಾಸ್ತಿ ಪಶುವೈದ್ಯನಾಗಿದ್ದವನು. ಇದನ್ನು ಮಗಳಿಗೆ ಹೇಳುವಾಗ ನನ್ನ ದನಿ ಏರಿತ್ತು. ಕತ್ತಿನ ನರ, ಮೂಗಿನ ಹೊಳ್ಳೆ, ಮುಂಗಾಲಿನ ಮಡಿಕೆ, ಒಂದೂ ಸುಳ್ಳಲ್ಲ. ಕುದುರೆಗಳ ಮೈಯನ್ನು ಕೈಯಿಂದ ಮುಟ್ಟಿ ಮುಟ್ಟಿ ಬಲ್ಲವನ ಕೆಲಸ ಅದು. ಅವುಗಳಲ್ಲಿ ಒಂದು ಕುದುರೆಯ ಹೊಟ್ಟೆಯೊಳಗೆ ಎಂಟು ಜನರನ್ನು ಕೂರಿಸಿ ಊಟ ಹಾಕಿದ್ದನಂತೆ. ಅಷ್ಟು ದೊಡ್ಡವು.

ಎರಡನೆಯ ದಿನ: ರಾಯಲ್ ಎಕ್ಸ್‌ಚೇಂಜ್, ಸೇಂಟ್ ಪಾಲ್ಸ್

ಇವತ್ತು ಲಂಡನ್ನಿನ ಹಳೇ ವ್ಯಾಪಾರದ ಪೇಟೆಗೆ ಬಂದೆವು. ಬ್ಯಾಂಕ್ ಆಫ್ ಇಂಗ್ಲೆಂಡಿನ ಪಕ್ಕ, ರಾಯಲ್ ಎಕ್ಸ್‌ಚೇಂಜ್ ಕಟ್ಟಡದ ಮುಂದೆ ಎರಡನೆಯ ಕುದುರೆ. ಕಚೇರಿಯ ಜನ ಅದರ ಬುಡದಲ್ಲಿ ಕೂತು ಬುತ್ತಿ ತಿನ್ನುತ್ತಿದ್ದರು. ನಾವೂ ಡಬ್ಬಿ ಬಿಚ್ಚಿ ಪುಳಿಯೋಗರೆ ತಿಂದೆವು.

ಇದನ್ನು ಮಾಡಿದವನು ಫ್ರಾನ್ಸಿಸ್ ಚಾಂಟ್ರಿ. ಅವನು 1841ರಲ್ಲಿ ತೀರಿಕೊಂಡ, ಕೆಲಸವನ್ನು ಬೇರೊಬ್ಬ ಮುಗಿಸಿದ. ಅನಾವರಣವಾಗಿದ್ದು 1844ರ ಜೂನ್ 18ಕ್ಕೆ, ವಾಟರ್ಲೂ ದಿನ. ವೆಲಿಂಗ್ಟನ್ ಆಗ ಬದುಕಿದ್ದ. ನಮ್ಮಲ್ಲಿ ಬದುಕಿರುವವರ ಪ್ರತಿಮೆ ಇಡುವುದೆಂದರೆ ಮನಸ್ಸು ಹಿಂಜರಿಯುತ್ತದೆ. ಇಲ್ಲಿ ಅವನ ಕಣ್ಣೆದುರೇ ಒಂದಾದ ಮೇಲೊಂದು ಎದ್ದವು.

ನಾನು ಮೊದಲು ನೋಡಿದ್ದು ಸವಾರನ ಕಾಲು. ಕಾಲು ಸುಮ್ನೆ ಇಳಿಬಿದ್ದಿದೆ, ಕಾಲಿಡುವ ರಿಕಾಪು ಇಲ್ಲ. ಕುದುರೆಯ ಬೆನ್ನಿಗೆ ಜೀನೂ ಇಲ್ಲ. "ಇದನ್ನು ನೋಡಿದೀವಿ ಅಲ್ವಾ!" ಎಂದಳು ಹೆಂಡತಿ. ಹೌದು, ನೋಡಿದ್ದೇವೆ. ಚೆನ್ನೈನ ಮೌಂಟ್ ರೋಡಿನಲ್ಲಿ. ಅಲ್ಲಿ ಕುದುರೆಯ ಮೇಲಿರುವ ಥಾಮಸ್ ಮನ್ರೋ ಕೂಡ ಇದೇ ಚಾಂಟ್ರಿಯ ಕೆಲಸ, 1839ರದು. ಅದಕ್ಕೂ ಜೀನಿಲ್ಲ, ರಿಕಾಪಿಲ್ಲ. ಶಿಲ್ಪಿ ಮರೆತುಬಿಟ್ಟ ಅಂತ ಚೆನ್ನೈನಲ್ಲಿ ಕಥೆ ಹೇಳುತ್ತಾರೆ. ಆದರೆ ಚಾಂಟ್ರಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ದೊರೆ ನಾಲ್ಕನೇ ಜಾರ್ಜ್‌ನನ್ನೂ ಹೀಗೇ ಕೂರಿಸಿದ್ದಾನೆ. ಮೂರು ಸಲ ಯಾರೂ ಮರೆಯುವುದಿಲ್ಲ. ಕುದುರೆಯ ಮೈಯನ್ನು ಮುಚ್ಚದೆ ತೋರಿಸುವುದು ಅವನ ಪದ್ಧತಿ.

ಮನ್ರೋ ನಮಗೆ ಹೊರಗಿನವನಲ್ಲ. ಪಟ್ಟಣ ಬಿದ್ದ ಮೇಲೆ ಕೆನರಾ ಜಿಲ್ಲೆಯ ಮೊದಲ ಕಲೆಕ್ಟರ್ ಆದವನು ಅವನೇ, ಆಮೇಲೆ ಬಳ್ಳಾರಿ ಸೀಮೆಗೆ ಬಂದ. ಅವನಿಗೂ ವೆಲ್ಲೆಸ್ಲಿಗೂ ಸ್ನೇಹ, ಪತ್ರ ವ್ಯವಹಾರ. 1799ರಲ್ಲಿ ಕಾವೇರಿ ದಂಡೆಯಲ್ಲಿದ್ದ ಇಬ್ಬರು ಗೆಳೆಯರು, ಒಬ್ಬನೇ ಶಿಲ್ಪಿಯ ಕೈಯಲ್ಲಿ, ಒಂದೇ ರೀತಿ ಬರಿಬೆನ್ನ ಕುದುರೆ ಹತ್ತಿ, ಒಬ್ಬ ಮದ್ರಾಸಿನಲ್ಲಿ ಒಬ್ಬ ಲಂಡನ್ನಿನಲ್ಲಿ ನಿಂತಿದ್ದಾರೆ.

ಮಧ್ಯಾಹ್ನ ಸೇಂಟ್ ಪಾಲ್ಸ್ ಚರ್ಚು. ನೆಲಮಾಳಿಗೆಯಲ್ಲಿ ಅವನ ಸಮಾಧಿ. ಮೇಲೆ ದೊಡ್ಡ ಸ್ಮಾರಕ, ಅದರ ತುದಿಯಲ್ಲಿ ಇನ್ನೊಂದು ಕುದುರೆ ಸವಾರಿ. ನನ್ನ ಚೀಟಿಯಲ್ಲಿ ಇದು ಇರಲಿಲ್ಲ. ಚರ್ಚಿನೊಳಗೆ ಕುದುರೆ ಬೇಡ ಎಂದು ಆಗಿನ ಹಿರಿಯ ಪಾದ್ರಿ ಹಟ ಹಿಡಿದಿದ್ದರಂತೆ. ಕೊನೆಗೆ 1912ರಲ್ಲಿ ಕುದುರೆ ಮೇಲೇರಿತು. ನಂದಿ ಇಲ್ಲದ ಶಿವನ ಗುಡಿ ನೋಡಿ ಗೊತ್ತಿಲ್ಲದ ನಮಗೆ ಈ ಜಗಳ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಮೂರನೆಯ ದಿನ: ಆಲ್ಡರ್‌ಶಾಟ್

ವಾಟರ್ಲೂ ನಿಲ್ದಾಣದಿಂದಲೇ ರೈಲು. ಸುಮಾರು ಒಂದು ಗಂಟೆಯ ದಾರಿ. ಆಲ್ಡರ್‌ಶಾಟ್ ಸೈನ್ಯದ ಊರು. ರೈಲಿಳಿದು ಪೇಟೆಗೆ ಬಂದರೆ ಕಾಠ್ಮಂಡುವಿಗೆ ಬಂದ ಹಾಗೆ ಅನ್ನಿಸಿತು. ಗೂರ್ಖಾ ರೆಜಿಮೆಂಟಿನಲ್ಲಿ ದುಡಿದ ನೇಪಾಳಿಗಳು ಇಲ್ಲಿ ತುಂಬ ಜನ ನೆಲೆಸಿದ್ದಾರೆ. ನೇಪಾಳಿ ಟೊಪ್ಪಿ ಹಾಕಿದ ಹಿರಿಯರೊಬ್ಬರು ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಿದ್ದರು. ನನ್ನ ಹಿಂದಿಯಲ್ಲಿ ದಾರಿ ಕೇಳಿದೆ. "ಆ ದೊಡ್ಡ ಕುದುರೆಯಾ?" ಎಂದು ಎದ್ದು ನಿಂತು, ಒಂದು ತಿರುವಿನವರೆಗೆ ನಮ್ಮ ಜೊತೆಯೇ ಬಂದರು.

ದೊಡ್ಡ ಕುದುರೆ ಅನ್ನುವುದು ಸುಮ್ನೆ ಮಾತಲ್ಲ. ಮರಗಳ ನಡುವಿನ ದಿಬ್ಬ ಹತ್ತಿದಾಗ ಮೊಮ್ಮಗ ಬಾಯಿ ಬಿಟ್ಟು ನಿಂತ. ಎತ್ತರ ಸುಮಾರು 9 ಮೀಟರ್, ತೂಕ ಸುಮಾರು 40 ಟನ್. ವಾಟರ್ಲೂನಲ್ಲಿ ವಶಪಡಿಸಿಕೊಂಡ ಫ್ರೆಂಚ್ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದದ್ದು. ಮಾಡಿದವನು ಮ್ಯಾಥ್ಯೂ ಕೋಟ್ಸ್ ವೈಯಟ್. 1846ರಲ್ಲಿ ಇದನ್ನು ಭಾರಿ ಗಾಡಿಯ ಮೇಲೆ ಇಟ್ಟು, ಸಾಲುಗಟ್ಟಿ ಕುದುರೆ ಕಟ್ಟಿ ಎಳೆಸಿ ತಂದು, ಮೊನ್ನೆ ನಾವು ನೋಡಿದ ಅದೇ ಕಮಾನಿನ ಮೇಲೆ ಕೂರಿಸಿದರು. ಜೀವವಿರುವ ಕುದುರೆಗಳು ಕಂಚಿನ ಕುದುರೆಯನ್ನು ಎಳೆದ ಆ ದಿನವನ್ನು ನಾನು ಅಲ್ಲಿ ನಿಂತು ಕಲ್ಪಿಸಿಕೊಂಡೆ.

ಕೂರಿಸಿದ್ದೇ ತಡ, ಲಂಡನ್ನಿನ ಜನ ಬೈಯಲು ಶುರು ಮಾಡಿದರು. ಕಮಾನಿಗೆ ಅಳತೆ ಮೀರಿದ ಭಾರ, ನೋಡಲು ಚೆನ್ನಾಗಿಲ್ಲ ಎಂದರು. ರಾಣಿ ವಿಕ್ಟೋರಿಯಾಗೂ ಹಿಡಿಸಲಿಲ್ಲ. ಆದರೆ ಅದನ್ನು ಇಳಿಸಿದರೆ ತನಗೆ ಅವಮಾನ ಎಂದು ವೆಲಿಂಗ್ಟನ್ ತಿಳಿಸಿದ. ಹಾಗಾಗಿ ಅವನು ಬದುಕಿರುವ ತನಕ ಯಾರೂ ಕೈಹಚ್ಚಲಿಲ್ಲ. 1880ರ ದಶಕದಲ್ಲಿ ರಸ್ತೆ ಅಗಲ ಮಾಡಲು ಕಮಾನನ್ನೇ ಸರಿಸಬೇಕಾಯಿತು. ಅದೇ ಸಮಯ ಎಂದು ಪ್ರತಿಮೆಯನ್ನು ಇಳಿಸಿ, 1885ರಲ್ಲಿ ಸೈನ್ಯದ ಈ ಊರಿಗೆ ಕೊಟ್ಟರು. ಮೊದಲ ದಿನ ನೋಡಿದ ಬೋಮ್‌ನ ಪ್ರತಿಮೆ ಬಂದದ್ದು ಇದರ ಬದಲಿಗೆ.

ನನಗೆ ಇದು ಇಲ್ಲಿರುವುದೇ ಸರಿ ಅನ್ನಿಸಿತು. ಕಮಾನಿನ ಮೇಲಿದ್ದರೆ ಬರೀ ಹೊಟ್ಟೆ ಕಾಣುತ್ತಿತ್ತು. ಇಲ್ಲಿ ಗೊರಸಿನ ಹತ್ತಿರ ಹೋಗಿ ನಿಲ್ಲಬಹುದು. ನಾವು ಹೋದಾಗ ಬೇರೆ ಒಬ್ಬರೂ ಇರಲಿಲ್ಲ. ಗಾಳಿ, ಹಕ್ಕಿಗಳ ಸದ್ದು ಅಷ್ಟೇ. ಹುಲ್ಲಿನ ಮೇಲೆ ಟವೆಲ್ ಹಾಸಿ ಕೂತೆವು. ಆಗ ಮೊಮ್ಮಗ ಕೇಳಿದ: "ಅಜ್ಜಾ, ಇಷ್ಟೊಂದು ಫಿರಂಗಿ ಕರಗಿಸಿದ್ರಲ್ಲ, ಆ ಫಿರಂಗಿನೆಲ್ಲ ಯುದ್ಧಕ್ಕೆ ಕುದುರೆ ಎಳೀತಿತ್ತಾ?"

ಯುರೋಪಿನಲ್ಲಿ ಕುದುರೆ, ನಮ್ಮಲ್ಲಿ ಎತ್ತು ಎಂದೆ. ಅಷ್ಟು ಹೇಳಿ ಬಿಡಲು ನನ್ನಿಂದ ಆಗಲಿಲ್ಲ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಒಂದು ಇಲಾಖೆ ಇತ್ತು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವ ದನಗಳ ಇಲಾಖೆ. ಹೈದರ್ ಆ ಹಿಂಡುಗಳನ್ನು ಬೆಳೆಸಿ ಸೈನ್ಯದ ಕೆಲಸಕ್ಕೆ ಹಚ್ಚಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಹೇಗೆ ಸಾಕಬೇಕು ಅಂತ ಹುಕುಂನಾಮೆ ಹೊರಡಿಸಿದ. ಮೇಯಲು ನಾಡಿನ ಉದ್ದಕ್ಕೂ ಕಾವಲುಗಳನ್ನು ಬಿಟ್ಟಿದ್ದರು. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಒಂದು. ಹಾಗೆ ಅರೆಕಾಡಿನಲ್ಲಿ ಬೆಳೆದ ಎತ್ತುಗಳಿಗೆ ಸಣ್ಣ ಗಟ್ಟಿ ಗೊರಸು, ಚೂಪಾದ ಉದ್ದ ಕೊಂಬು, ಬಿಗಿ ಮೈ. ನಿಧಾನ ಅನ್ನುವುದು ಗೊತ್ತಿಲ್ಲ. ಇವುಗಳನ್ನು ಕಟ್ಟಿಕೊಂಡು ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ದಾಟಿ ಚಿದಂಬರಕ್ಕೆ ಹೋದ ಎಂಬ ಮಾತು ಕಾವಲಿನವರ ಬಾಯಲ್ಲಿ ಇವತ್ತೂ ಇದೆ.

ಪಟ್ಟಣ ಬಿದ್ದ ಮೇಲೆ ಈ ಎತ್ತುಗಳ ಬೆಲೆಯನ್ನು ಸರಿಯಾಗಿ ಕಂಡುಕೊಂಡವನು ವೆಲ್ಲೆಸ್ಲಿ. ಒಳ್ಳೆಯ ಎತ್ತಿಲ್ಲದೆ, ಅವನ್ನು ಚೆನ್ನಾಗಿ ಹೊಡೆದು ಚೆನ್ನಾಗಿ ನೋಡಿಕೊಳ್ಳದೆ, ದಂಡು ಬೇಗ ಸಾಗುವುದಿಲ್ಲ ಎಂದು ಅವನೇ ಬರೆದಿದ್ದಾನೆ. ನನ್ನ ಕೆಲಸದ ಮೊದಲ ವರ್ಷ ಈ ಮಾತನ್ನು ಹಿರಿಯ ಅಧಿಕಾರಿಯೊಬ್ಬರು ಹೇಳಿದ್ದರು. ಪಶುವೈದ್ಯನ ಬಾಯಿಂದ ಬರಬೇಕಾದ ಮಾತು, ಒಬ್ಬ ಜನರಲ್‌ನ ಬಾಯಿಂದ ಬಂದಿದೆ.

ನಾಲ್ಕನೆಯ ದಿನ: ಗ್ಲಾಸ್ಗೋ ದಾರಿ

ಯೂಸ್ಟನ್ ನಿಲ್ದಾಣದಿಂದ ಗ್ಲಾಸ್ಗೋಗೆ ರೈಲು. ಐದು ಗಂಟೆಯ ಒಳಗೆ ತಲುಪಬೇಕಿತ್ತು. ದಾರಿಯಲ್ಲಿ ಸಿಗ್ನಲ್ ಕೆಟ್ಟು ಬಯಲ ನಡುವೆ ಎರಡು ತಾಸು ನಿಂತಿತು. ನನಗೆ ಬೇಜಾರಾಗಲಿಲ್ಲ. ಕಿಟಕಿಯ ಆಚೆ ಕುರಿಗಳು, ಹುಲ್ಲು, ಕಲ್ಲಿನ ಬೇಲಿ. ಹೆಂಡತಿ ಚಪಾತಿ ಹಂಚಿದಳು.

ಮೊಮ್ಮಗನಿಗೆ ಕುದುರೆಯ ಕಾಲಿನ ಲೆಕ್ಕ ತಿಳಿಯಬೇಕಿತ್ತು. ಶಾಲೆಯ ಗೆಳೆಯ ಹೇಳಿದ್ದನಂತೆ: ಪ್ರತಿಮೆಯ ಕುದುರೆಯ ಎರಡೂ ಮುಂಗಾಲು ಎತ್ತಿದ್ದರೆ ಸವಾರ ಯುದ್ಧದಲ್ಲಿ ಸತ್ತ, ಒಂದು ಎತ್ತಿದ್ದರೆ ಗಾಯವಾಗಿತ್ತು, ನಾಲ್ಕೂ ನೆಲದಲ್ಲಿದ್ದರೆ ಸುಮ್ನೆ ಸತ್ತ. ನಮ್ಮೂರಲ್ಲೂ ಇದನ್ನು ಹೇಳುತ್ತಾರೆ. ಹುಬ್ಬಳ್ಳಿಯ ಕಿತ್ತೂರು ಚೆನ್ನಮ್ಮನ ಪ್ರತಿಮೆ ನೋಡುವಾಗ ಯಾರೋ ನನಗೂ ಹೇಳಿದ್ದರು. ಎಡಿನ್‌ಬರೋದಲ್ಲಿ ನೋಡಿ ನೀನೇ ಹೇಳು ಎಂದೆ.

ಐದನೆಯ ದಿನ: ಗ್ಲಾಸ್ಗೋ

ಬೆಳಿಗ್ಗೆಯಿಂದ ಸಣ್ಣ ಮಳೆ. ಮಲೆನಾಡಿನ ಆಷಾಢದ ಜಿಟಿಜಿಟಿ ನೆನಪಾಯಿತು. ಕ್ವೀನ್ ಸ್ಟ್ರೀಟಿನ ಚಿತ್ರಶಾಲೆಯ ಮುಂದೆ ನಾಲ್ಕನೆಯ ಕುದುರೆ. ಕಾರ್ಲೋ ಮರೋಕೆಟ್ಟಿ ಎಂಬ ಇಟಲಿ ಮೂಲದ ಶಿಲ್ಪಿ ಮಾಡಿದ್ದು. ಇದೂ 1844ರದೇ.

ಸವಾರನ ತಲೆಯ ಮೇಲೆ ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ಕೂತಿದೆ.

ಮೊಮ್ಮಗ ನಕ್ಕೂ ನಕ್ಕೂ ಕೆಳಗೆ ಕೂತ. 1980ರ ದಶಕದಿಂದ ಊರ ಹುಡುಗರು ರಾತ್ರಿ ಹತ್ತಿ ಈ ಕೋನ್ ಇಡುತ್ತಾರೆ. ನಗರಸಭೆ ತೆಗೆಸುತ್ತದೆ, ಅವರು ಮತ್ತೆ ಇಡುತ್ತಾರೆ. 2013ರಲ್ಲಿ 65,000 ಪೌಂಡ್ ಖರ್ಚು ಮಾಡಿ ಪೀಠವನ್ನು ಎರಡರಷ್ಟು ಎತ್ತರ ಮಾಡುವ ಯೋಚನೆ ಬಂತು. ಊರಿನ ಸಾವಿರಾರು ಜನ ಬೇಡ ಎಂದು ಸಹಿ ಹಾಕಿದರು. ನಗರಸಭೆ ಕೈಬಿಟ್ಟಿತು. ಹೆಂಡತಿಗೆ ಮೊದಲು ಸರಿಬೀಳಲಿಲ್ಲ. "ಎಷ್ಟಾದರೂ ಸತ್ತವರಲ್ವಾ" ಎಂದಳು. ಅಷ್ಟರಲ್ಲಿ ಹಾಲಿನ ಡಬ್ಬಿ ಹಿಡಿದು ಹೋಗುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ನೋಡಿ, "ನಮ್ಮ ಡ್ಯೂಕ್ ಚೆನ್ನಾಗಿದ್ದಾನಾ?" ಎಂದು ಕೇಳಿ ಹೋದರು. ಆ 'ನಮ್ಮ' ಕೇಳಿದ ಮೇಲೆ ಹೆಂಡತಿಯೂ ಮೃದುವಾದಳು. ಲಂಡನ್ನಿನ ಪ್ರತಿಮೆಯ ಹತ್ತಿರ ಯಾರೂ ಅವನನ್ನು ಹೀಗೆ ವಿಚಾರಿಸಲಿಲ್ಲ.

ನಾನು ಇಷ್ಟು ದೂರ ಬಂದದ್ದು ಕೋನ್ ನೋಡಲು ಅಲ್ಲ. ಪೀಠ ನೋಡಲು. ಅದರ ಸುತ್ತ ಕಂಚಿನ ಉಬ್ಬು ಚಿತ್ರಗಳಿವೆ. ದೊಡ್ಡವು ಎರಡು. ಒಂದರಲ್ಲಿ ಅವನ ಕೊನೆಯ ಕಾಳಗ, ವಾಟರ್ಲೂ. ಇನ್ನೊಂದರಲ್ಲಿ ಅವನು ಜನರಲ್ ಆಗಿ ಗೆದ್ದ ಮೊದಲ ದೊಡ್ಡ ಕಾಳಗ. ಅದು ನಮ್ಮ ದೇಶದ್ದು. ಅಸ್ಸಾಯೆ, 1803ರ ಸೆಪ್ಟೆಂಬರ್ 23. ಇವತ್ತಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಒಂದು ಹಳ್ಳಿ.

ಕಂಚಿನ ಮೇಲೆ ಮಳೆ ನೀರು ಇಳಿಯುತ್ತಿತ್ತು. ಕರವಸ್ತ್ರದಿಂದ ಒರೆಸಿ ನೋಡಿದೆ. ಮೊದಲ ದಿನ ಮೊಮ್ಮಗ ಕೇಳಿದ ಇಂಡಿಯಾ ಸಿಕ್ಕಿದ್ದು ಇಲ್ಲಿ. ಐದು ದಿನ, 600 ಕಿಲೋಮೀಟರ್ ದಾಟಿದ ಮೇಲೆ.

ಆ ಕಾಳಗಕ್ಕೆ ವೆಲ್ಲೆಸ್ಲಿ ಹೊರಟದ್ದು ಎಲ್ಲಿಂದ ಗೊತ್ತಾ? ನಮ್ಮ ಹರಿಹರದಿಂದ. 1803ರ ಮಾರ್ಚ್‌ನಲ್ಲಿ ತುಂಗಭದ್ರೆ ದಾಟಿ ಉತ್ತರಕ್ಕೆ ಹೋದ. ಏಪ್ರಿಲ್ 20ಕ್ಕೆ ಪುಣೆ ಮುಟ್ಟಿದ. ಸುಡು ಬೇಸಿಗೆ. ಫಿರಂಗಿ, ಮದ್ದು, ಅಕ್ಕಿ, ಎಲ್ಲ ಎತ್ತಿನ ಹೆಗಲ ಮೇಲೆ. ದಿವಾನ್ ಪೂರ್ಣಯ್ಯನವರು ಮೈಸೂರಿನಿಂದ ಕಳಿಸಿದ ಸುಮಾರು 2,400 ಕುದುರೆ ಸವಾರರೂ ಅವನ ಜೊತೆಗಿದ್ದರು. ಸೆಪ್ಟೆಂಬರಿನಲ್ಲಿ ಮರಾಠರ ಸಿಂಧಿಯಾ ಮತ್ತು ಭೋಂಸ್ಲೆಯ ಭಾರಿ ಸೈನ್ಯ ಎದುರಾಯಿತು. ಕೈತನಾ ನದಿ ಅಡ್ಡ. ಇಲ್ಲಿ ದಾಟುವ ಜಾಗ ಇಲ್ಲ ಎಂದರು ದಾರಿ ತೋರಿಸುವವರು. ಆಚೆ ದಡದಲ್ಲೊಂದು ಹಳ್ಳಿ, ಈಚೆ ದಡದಲ್ಲೊಂದು ಹಳ್ಳಿ ಎದುರುಬದುರು ಇರುವುದನ್ನು ಅವನು ನೋಡಿದ. ಇಷ್ಟು ಹತ್ತಿರದ ಎರಡು ಊರಿನವರು ಓಡಾಡದೆ ಇರುತ್ತಾರೆಯೇ, ದಾರಿ ಇದ್ದೇ ಇರಬೇಕು ಎಂದುಕೊಂಡ. ಇತ್ತು. ಹಳ್ಳಿಯಲ್ಲಿ ಬೆಳೆದ ಯಾರಿಗೇ ಆದರೂ ಈ ಯೋಚನೆ ಇಷ್ಟವಾಗುತ್ತದೆ. ಸೈನ್ಯ ದಾಟಿತು.

ದಾಟಿದ ಮೇಲೆ ಮರಾಠರ ಫಿರಂಗಿಗಳು ಉಗುಳಿದವು. ಅವರ ಗೋಲಂದಾಜರು ಬಹಳ ನುರಿತವರು. ಇವನ ಫಿರಂಗಿ ಎಳೆಯುತ್ತಿದ್ದ ಎತ್ತುಗಳು ನಿಂತಲ್ಲೇ ಉರುಳಿದವು. ಎತ್ತಿಲ್ಲದೆ ಫಿರಂಗಿ ಮುಂದೆ ಹೋಗಲಿಲ್ಲ. ಅವನ್ನು ಅಲ್ಲೇ ಬಿಟ್ಟು ಕಾಲಾಳುಗಳು ಬರೀ ಬಂದೂಕು, ಬಯೋನೆಟ್ ಹಿಡಿದು ನಡೆದರು. ಸ್ಕಾಟ್ಲೆಂಡಿನ 74ನೇ ರೆಜಿಮೆಂಟು ಬಹುಪಾಲು ಅಲ್ಲೇ ಮುಗಿಯಿತು. ವೆಲ್ಲೆಸ್ಲಿಯ ಒಂದು ಕುದುರೆ ಗುಂಡು ತಗುಲಿ ಬಿತ್ತು. ಡಯೋಮೆಡ್ ಎಂಬ ಇನ್ನೊಂದಕ್ಕೆ ಭರ್ಜಿ ಚುಚ್ಚಿತು. ಸಂಜೆ ಹೊತ್ತಿಗೆ ಅವನ ಕಡೆಯೇ 1,500ಕ್ಕಿಂತ ಜಾಸ್ತಿ ಜನ ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. ಮುಂದೆ ಮುದುಕನಾದ ಮೇಲೆ, ನೀವು ಯುದ್ಧದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಯಾವುದು ಎಂದು ಯಾರೋ ಕೇಳಿದರೆ, ವಾಟರ್ಲೂ ಅನ್ನಲಿಲ್ಲ. ಅಸ್ಸಾಯೆ ಅಂದ.

ಸತ್ತ ಸೈನಿಕರ ಲೆಕ್ಕ ರೆಜಿಮೆಂಟಿನ ಪುಸ್ತಕದಲ್ಲಿದೆ. ಕುದುರೆಯ ಹೆಸರು ಪತ್ರದಲ್ಲಿದೆ. ಎತ್ತುಗಳಿಗೆ ಹೆಸರಿರಲಿಲ್ಲವೇ? ಇದ್ದೇ ಇರುತ್ತದೆ. ಕಾವಲಿನವರು ಹೆಸರಿಡದೆ ಕರು ಸಾಕುವುದನ್ನು ನಾನು ನೋಡಿಯೇ ಇಲ್ಲ. ಕೆಂಚ, ಮಲ್ಲ, ಬಸವ ಎಂದು ಕೂಗಿದರೆ ತಲೆಯೆತ್ತುತ್ತಿದ್ದ ಎತ್ತುಗಳು ಅವು. ನಾನು ಮಳೆಯಲ್ಲಿ ಆ ಕಂಚನ್ನು ಹಿಡಿದು ನಿಂತಿದ್ದೆ. ಕಣ್ಣು ತುಂಬಿತ್ತು. ಮಗಳು ಛತ್ರಿ ತಂದು ಹಿಡಿದಳು. ಏನೂ ಕೇಳಲಿಲ್ಲ.

ಸ್ಪೇನ್, ಪೋರ್ಚುಗಲ್ ಕಡೆ ಫ್ರೆಂಚರ ಮೇಲೆ ವರ್ಷಗಟ್ಟಲೆ ಕಾದಾಡುವಾಗ ವೆಲಿಂಗ್ಟನ್‌ಗೆ ಮೈಸೂರಿನ ಎತ್ತುಗಳು ಪದೇ ಪದೇ ನೆನಪಾದವಂತೆ. ಅವು ಇಲ್ಲಿದ್ದಿದ್ದರೆ ಎಂದು ಹಲುಬಿದನಂತೆ. ಅವನಿಗೆ ಗೊತ್ತಿತ್ತು. ಅವನ ಪ್ರತಿಮೆ ನಿಲ್ಲಿಸಿದವರಿಗೆ ಗೊತ್ತಿರಲು ದಾರಿಯಿಲ್ಲ, ಅವರು ಆ ಎತ್ತುಗಳನ್ನು ಕಂಡವರೇ ಅಲ್ಲ. ಆದರೆ ಕಂಡ ನಾವು ಏನು ಮಾಡಿದ್ದೇವೆ? ಕಾವಲುಗಳನ್ನು ಒಂದೊಂದಾಗಿ ತುಂಡು ಮಾಡುತ್ತಾ ಬಂದಿದ್ದೇವೆ. ನಾನು ಕೆಲಸಕ್ಕೆ ಸೇರಿದಾಗ ಹಿಂಡು ಮೇಯುತ್ತಿದ್ದ ಹುಲ್ಲುಗಾವಲಲ್ಲಿ ಈಗ ಬೇಲಿಗಳಿವೆ. ಪಕ್ಕದ ಊರುಗಳ ಬಡವರಿಗೂ ಜಮೀನು ಬೇಕು, ಅದು ನನಗೆ ಅರ್ಥವಾಗುತ್ತದೆ. ಆದರೂ ಆ ಎತ್ತುಗಳಿಗೆ ನಾವು ಇದಕ್ಕಿಂತ ಜಾಸ್ತಿ ಋಣಿಗಳು.

ಆರನೆಯ ದಿನ: ಎಡಿನ್‌ಬರೋ, ವಾಪಸ್ ಪ್ರಯಾಣ

ಗ್ಲಾಸ್ಗೋದಿಂದ ಎಡಿನ್‌ಬರೋಗೆ ಒಂದು ಗಂಟೆಯೂ ಇಲ್ಲ. ರೈಲು ನಿಲ್ದಾಣದಿಂದ ನಾಲ್ಕು ಹೆಜ್ಜೆ, ಪ್ರಿನ್ಸಸ್ ಸ್ಟ್ರೀಟಿನ ತುದಿ, ರಿಜಿಸ್ಟರ್ ಹೌಸ್ ಮುಂದೆ ಐದನೆಯ ಕುದುರೆ. ಜಾನ್ ಸ್ಟೀಲ್ ಮಾಡಿದ್ದು. ಐದರಲ್ಲಿ ಇದೊಂದೇ ಹಿಂಗಾಲ ಮೇಲೆ ಎದ್ದು ನಿಂತಿರುವುದು. ಅಷ್ಟು ಕಂಚಿನ ಭಾರವನ್ನು ಎರಡು ಹಿಂಗಾಲು ಮತ್ತು ಬಾಲ ಹೊತ್ತಿವೆ. ಶಿಲ್ಪಿಯ ಲೆಕ್ಕಾಚಾರಕ್ಕೆ ಕೈಮುಗಿಯಬೇಕು.

ಮೊಮ್ಮಗ ಕೂಡಲೇ, "ಎರಡೂ ಮುಂಗಾಲು ಮೇಲೆ! ಯುದ್ಧದಲ್ಲಿ ಸತ್ತ!" ಎಂದ. ಪೀಠದ ಹತ್ತಿರ ಕರೆದುಕೊಂಡು ಹೋಗಿ ಲೆಕ್ಕ ಹೇಳಿದೆ. ಪ್ರತಿಮೆ ಅನಾವರಣವಾಗಿದ್ದು 1852ರ ಜೂನ್ 18. ಆ ದಿನ ವೆಲಿಂಗ್ಟನ್ ಇನ್ನೂ ಬದುಕಿದ್ದ. ತೀರಿಕೊಂಡದ್ದು ಸೆಪ್ಟೆಂಬರ್ 14ಕ್ಕೆ, 83ನೇ ವಯಸ್ಸಿನಲ್ಲಿ, ಯುದ್ಧವಿಲ್ಲ, ಗಾಯವಿಲ್ಲ. ಗೆಳೆಯನಿಗೆ ಹೇಳಲು ಮೊಮ್ಮಗ ಎರಡು ತಾರೀಖನ್ನೂ ಬರೆದುಕೊಂಡ.

ಕುದುರೆ ಚೆಂದವಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ನನಗೆ ಲಂಡನ್ನಿನ ನಿಂತ ಕುದುರೆಯೇ ಜಾಸ್ತಿ ಇಷ್ಟ. ಎದ್ದು ನಿಂತ ಕುದುರೆಯ ಮೇಲೆ ಜನರಲ್ ಹೆಚ್ಚು ಹೊತ್ತು ಇರಲಾರ.

ಸಂಜೆಯ ರೈಲಿನಲ್ಲಿ ಲಂಡನ್‌ಗೆ ಹೊರಟೆವು. ಒಂದು ಕಡೆ ಸಮುದ್ರ. ಹೆಂಡತಿ ಕಿಟಕಿಗೆ ಒರಗಿ ಕೂತಿದ್ದಳು. "ಹರಿಹರದ ಹೊಳೆ ದಂಡೇಲಿ ಒಂದು ಜೋಡಿ ಎತ್ತು ನಿಲ್ಲಿಸಬೇಕು ರೀ" ಎಂದಳು. "ಕಂಚಿಂದೇ. ಮೇಲೆ ಯಾರೂ ಬೇಡ." ನಾನು ಹೂಂ ಎಂದೆ. ನನ್ನ ಮನಸ್ಸಿನಲ್ಲಿ ನಿನ್ನೆಯಿಂದ ಇದ್ದದ್ದೂ ಅದೇ. ಹಿಂದೆ ಒಂದು ಫಿರಂಗಿ ಗಾಡಿ, ಪಕ್ಕದಲ್ಲಿ ಕಂಬಳಿ ಹೊದ್ದ ಒಬ್ಬ ಕಾವಲುಗಾರ. ಊರಿಗೆ ಹೋದ ಮೇಲೆ ಇಲಾಖೆಯ ಹಳೆಯ ಗೆಳೆಯರೊಂದಿಗೆ ಕೂತು ಒಂದು ಅರ್ಜಿ ಬರೆಯಬೇಕು.

ಎದುರು ಸೀಟಿನಲ್ಲಿದ್ದ ಮೊಮ್ಮಗ ಪೆನ್ಸಿಲ್ ತೆಗೆದು ಬರೆಯಲು ಕೂತ. ಸ್ವಲ್ಪ ಹೊತ್ತಾದ ಮೇಲೆ ಹಾಳೆ ನನ್ನ ಕಡೆ ತಿರುಗಿಸಿದ. ಎರಡು ಎತ್ತು, ಕೊಂಬು ಮೊಟುಕು, ಬೆನ್ನ ಮೇಲೆ ಗುಡ್ಡದ ಹಾಗೆ ಇಣಿ.

"ಕೊಂಬು ಇನ್ನೂ ಉದ್ದ ಬೇಕು ಪುಟ್ಟಾ. ಹಿಂದಕ್ಕೆ ಹೋಗಿ ತುದಿ ಮೇಲಕ್ಕೆ. ಇಣಿ ಇಷ್ಟು ದೊಡ್ಡದು ಬೇಡ. ಅದು ಹೋರಿಗೆ. ಇದು ಎತ್ತು."

ಅವನು ರಬ್ಬರ್ ತೆಗೆದುಕೊಂಡ.